ಕುಕೀ ಇಲ್ದೆ ಕಾಂಟೆಕ್ಸ್ಚುಯಲ್ ಆಡ್ಸ್ ಮಾಡಿದ್ರೆ ರಿಸಲ್ಟ್ ಬರುತ್ತಾ? ಪ್ರೈವಸಿಗೂ ಸೇಫಾ?

ರಿಸಲ್ಟ್ ಬರುತ್ತೆ. ಎರಡನೇ ಪ್ರಶ್ನೆಗೆ ಮಾತ್ರ ಸೀದಾ ಹೌದು ಅನ್ನಕ್ಕಾಗಲ್ಲ, ನಾನೂ ಇದೇ ಕೆಲಸ ಮಾಡೋನು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಓದೋರು ಯಾರು, ನಿನ್ನೆ ಏನು ಹುಡುಕಿದ್ರು ಅನ್ನೋದೆಲ್ಲ ಬಿಟ್ಟು ಈಗ ಯಾವ ಪೇಜ್ ತೆರೆದಿದಾರೆ ಅಷ್ಟೇ ನೋಡಿ ಆಡ್ ಹಾಕೋದೇ ಕಾಂಟೆಕ್ಸ್ಚುಯಲ್. ಹೊಸದೇನಲ್ಲ, 2003ರಲ್ಲಿ ಗೂಗಲ್ ಆಡ್‌ಸೆನ್ಸ್ ಬಂದಾಗ ಇದೇ ಲೆಕ್ಕದಲ್ಲೇ ನಡೀತಿತ್ತು, ಆಮೇಲೆ ಎಲ್ರೂ ಜನರ ಬೆನ್ನು ಬಿದ್ರು. ಆಪಲ್‌ನ ಸಫಾರಿ ಬ್ರೌಸರ್ 2020ರಿಂದ ಥರ್ಡ್ ಪಾರ್ಟಿ ಕುಕೀನ (ನೀವು ನೋಡ್ತಿರೋ ಸೈಟ್ ಅಲ್ದೆ ಬೇರೆ ಕಂಪನಿ ನಿಮ್ಮನ್ನ ಗುರುತಿಡೋಕೆ ಬ್ರೌಸರಲ್ಲಿ ಇಡೋ ಚಿಕ್ಕ ಫೈಲ್) ಪೂರ್ತಿ ಬ್ಲಾಕ್ ಮಾಡ್ತಿದೆ, ಐಫೋನಲ್ಲಿ 2021ರಿಂದ ಆಪ್‌ಗಳು ಟ್ರ್ಯಾಕ್ ಮಾಡೋಕೆ ಮೊದ್ಲು ಪರ್ಮಿಷನ್ ಕೇಳ್ಬೇಕು. ಕ್ರೋಮ್ ಮಾತ್ರ ತೆಗೀತೀವಿ ತೆಗೀತೀವಿ ಅಂತ ವರ್ಷಗಟ್ಟಲೆ ಮುಂದೂಡಿ ಕೊನೆಗೆ ಕೈಬಿಡ್ತು, ಹಾಗಾಗಿ ಕುಕೀ ಕಥೆ ಮುಗೀತು ಅಂತ ಹೆದರಿಸಿ ಪ್ಯಾಕೇಜ್ ಮಾರೋರನ್ನ ಪೂರ್ತಿ ನಂಬ್ಬೇಡಿ.

ನೆದರ್ಲೆಂಡ್ಸ್‌ನ ಸಾರ್ವಜನಿಕ ಬ್ರಾಡ್‌ಕಾಸ್ಟರ್ ಎನ್‌ಪಿಓ 2020ರಲ್ಲಿ ಟ್ರ್ಯಾಕಿಂಗ್ ಬಿಟ್ಟು ಕಾಂಟೆಕ್ಸ್ಚುಯಲ್‌ಗೆ ಹೋದಾಗ ಆಡ್ ಆದಾಯ ಬೀಳೋದಿರಲಿ, ಹಿಂದಿನ ವರ್ಷಕ್ಕಿಂತ ಜಾಸ್ತೀನೇ ಬಂತು. ಆದ್ರೆ ಅವ್ರು ಮಧ್ಯದ ದಲ್ಲಾಳಿ ಕಂಪನಿಗಳನ್ನೂ ತೆಗೆದಿದ್ರು, ಆ ಕಮಿಷನ್ ಉಳಿದಿದ್ದೂ ಅದ್ರಲ್ಲಿ ಸೇರಿದೆ, ಚಿಕ್ಕ ಬ್ಲಾಗ್‌ಗೆ ಅದೇ ಲೆಕ್ಕ ಹಾಕೋದು ತಪ್ಪು.

ನಿಜವಾದ ತಲೆನೋವು ಪೇಜ್ ಆರಿಸೋದ್ರಲ್ಲಿದೆ. ಆಫೀಸ್ ಕುರ್ಚಿ ಮಾರ್ತೀರ ಅನ್ಕೊಳ್ಳಿ, "ಕುರ್ಚಿ" ಅಂತ ಒಂದೇ ಕೀವರ್ಡ್ ಕೊಟ್ಟು ಕೂತ್ರೆ ನಿಮ್ಮ ಆಡ್ ಹೋಗಿ "ಕುರ್ಚಿಗಾಗಿ ನಾಯಕರ ಕಿತ್ತಾಟ" ಅನ್ನೋ ಸುದ್ದಿ ಪಕ್ಕದಲ್ಲಿ ಕೂರುತ್ತೆ, ಕ್ಲಿಕ್ ಯಾರು ಮಾಡ್ತಾರೆ. ಅದರ ಬದಲು ಬೆನ್ನು ನೋವು, ಮನೆಯಿಂದ ಕೆಲಸ, ದಿನವಿಡೀ ಕೂತು ಕೆಲಸ ಮಾಡೋರ ಎಕ್ಸರ್‌ಸೈಜ್, ಇಂಥ ಪೇಜ್‌ಗಳನ್ನ ಹಿಡೀರಿ, ಅಲ್ಲಿ ಓದ್ತಿರೋರಿಗೆ ಆಗಲೇ ಸೊಂಟ ಹಿಡ್ಕೊಂಡಿರುತ್ತೆ. ಈಗಿನ ಟೂಲ್‌ಗಳು ಪೂರ್ತಿ ಲೇಖನ ಓದಿ ಅರ್ಥ ಮಾಡ್ಕೊಳ್ಳುತ್ತೆ ಅಂತಾರೆ, ಇಂಗ್ಲಿಷಲ್ಲಿ ಪರವಾಗಿಲ್ಲ, ಕನ್ನಡದ ಪೇಜ್ ಆದ್ರೆ ಪ್ಲೇಸ್‌ಮೆಂಟ್ ರಿಪೋರ್ಟ್ (ಆಡ್ ಎಲ್ಲೆಲ್ಲಿ ಬಂತು ಅನ್ನೋ ಪಟ್ಟಿ) ನೀವೇ ಕಣ್ಣಾರೆ ನೋಡೋದು ಒಳ್ಳೇದು. ಬ್ಲಾಕ್‌ಲಿಸ್ಟನ್ನೂ (ಯಾವ ಪದ ಇರೋ ಪೇಜಲ್ಲಿ ಆಡ್ ಬೇಡ ಅನ್ನೋ ಪಟ್ಟಿ) ಸಿಕ್ಕಾಪಟ್ಟೆ ಉದ್ದ ಮಾಡ್ಬೇಡಿ, "ಕೊಲೆ" ಅಂತ ಹಾಕಿದ್ರೆ ಕೊಲೆಸ್ಟ್ರಾಲ್ ಅನ್ನೋ ಪದ ಇರೋ ಪೇಜೂ ಹೋಗ್ಬಹುದು, ಟೂಲ್ ಅಕ್ಷರ ಹೋಲಿಸೋ ಥರದ್ದಾಗಿದ್ರೆ.

ಇನ್ನು ಪ್ರೈವಸಿ. ಪೇಜ್ ನೋಡಿ ಆಡ್ ಹಾಕಿದ್ರೂ ಹಿಂದಗಡೆ ಅದು ಹರಾಜಿನಲ್ಲೇ ಮಾರಾಟ ಆಗ್ತಿದ್ರೆ ಆ ಬಿಡ್ ರಿಕ್ವೆಸ್ಟ್ (ಈ ಜಾಗಕ್ಕೆ ಎಷ್ಟು ಕೊಡ್ತೀರ ಅಂತ ಕಂಪನಿಗಳಿಗೆ ಕಳ್ಸೋ ಕೋರಿಕೆ) ಜೊತೆ ಐಪಿ ಅಡ್ರೆಸ್, ಡಿವೈಸ್ ಐಡಿ ಹತ್ತಾರು ಕಂಪನಿಗೆ ಹೋಗ್ಬಹುದು. ಅದ್ರ ಮೇಲೆ ಎಷ್ಟೋ ಜನ ಲ್ಯಾಂಡಿಂಗ್ ಪೇಜಲ್ಲಿ (ಆಡ್ ಕ್ಲಿಕ್ ಮಾಡಿದ್ರೆ ತೆರೆಯೋ ಪೇಜ್) ರೀಮಾರ್ಕೆಟಿಂಗ್ ಪಿಕ್ಸೆಲ್ (ಬಂದೋರನ್ನ ಗುರುತಿಟ್ಟು ಆಮೇಲೆ ಬೇರೆ ಕಡೆ ಆಡ್ ತೋರಿಸೋಕೆ ಇಡೋ ಕೋಡ್) ಹಾಗೇ ಬಿಟ್ಟಿರ್ತಾರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲು ಬಾಗಿಲು ತೆಗೆದಿಟ್ಟ ಹಾಗೆ. ಹಾಗಾಗಿ ಪ್ಲಾಟ್‌ಫಾರ್ಮ್‌ನವರನ್ನ ಎರಡೇ ಕೇಳಿ: ಬಿಡ್ ರಿಕ್ವೆಸ್ಟಲ್ಲಿ ಯೂಸರ್ ಐಡಿ ಹೋಗುತ್ತಾ, ಒಬ್ರಿಗೇ ಪದೇ ಪದೇ ಆಡ್ ತೋರಿಸ್ದೆ ಇರೋಕೆ ಏನ್ ಬಳಸ್ತೀರ. ಎರಡನೇದಕ್ಕೆ ಕುಕೀ ಅಂದ್ರೆ ಅದು ಹೆಸರಿಗಷ್ಟೇ ಕಾಂಟೆಕ್ಸ್ಚುಯಲ್.