ಸಿಯಾಚಿನ್‌ನ ಆ ಆರು ದಿನಗಳಾಚೆಯ ಹನುಮಂತಪ್ಪ

ಯುದ್ಧವೇ ಇಲ್ಲದ ಹೊತ್ತಿನಲ್ಲಿ, ಕರ್ತವ್ಯದ ಮೇಲಿದ್ದಾಗಲೇ ತೀರಿಕೊಂಡ ಸೈನಿಕರಲ್ಲಿ ನಿಮಗೆ ಮರೆಯಲಾಗದವರು ಯಾರು ಎಂದು ಕೇಳಿದ್ದೀರಿ. ಹುಬ್ಬಳ್ಳಿ ಕಡೆಯ ಯಾರನ್ನೇ ಕೇಳಿ, ಮೊದಲು ಬರುವ ಹೆಸರು ಒಂದೇ: ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್. ತೀರಿಕೊಂಡಾಗ ವಯಸ್ಸು 33; ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಜನ ಹೂತುಹೋದರು. ಸುಮಾರು 19,600 ಅಡಿ ಎತ್ತರದ ಜಾಗ. ಯಾರೂ ಉಳಿದಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ ಎಂದು ಸೇನೆ ಹೇಳಿತು, ಪ್ರಧಾನಿಯವರ ಸಂತಾಪವೂ ಬಂದುಬಿಟ್ಟಿತು. ಆದರೂ ಅಗೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬಿದ್ದದ್ದು ಹತ್ತಿಯಂಥ ಮಂಜಲ್ಲ, ಯಂತ್ರ ಹಚ್ಚಿ ಕೊಯ್ಯಬೇಕಾದ ಗಟ್ಟಿ ನೀಲಿ ಹಿಮ. ಡಾಟ್, ಮಿಶಾ ಎಂಬ ಎರಡು ನಾಯಿಗಳು ಮೂಸುತ್ತಾ ತಿರುಗಿದವು. 8ರ ರಾತ್ರಿ, ಸುಮಾರು 25 ಅಡಿ ಕೆಳಗೆ, ಹನುಮಂತಪ್ಪ ಸಿಕ್ಕರು. ಉಸಿರಿತ್ತು!

ಮುಂದಿನ ಮೂರು ದಿನ ಹುಬ್ಬಳ್ಳಿಯಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಚಹಾ ಕುಡಿಯುತ್ತಿದ್ದ ಅಂಗಡಿಯಲ್ಲಿ ಟಿವಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಚ್ಚೇ ಇರುತ್ತಿತ್ತು. ಒಳಗೆ ಬಂದವರೆಲ್ಲ ಚಹಾ ಹೇಳುವ ಮೊದಲೇ "ಹೆಂಗ್ ಅದಾನಂತ್ರೀ ನಮ್ಮ ಹುಡುಗ?" ಎನ್ನುತ್ತಿದ್ದರು. ಅವರಲ್ಲಿ ಹೆಚ್ಚಿನವರು ಬೆಟದೂರನ್ನು ಕಂಡವರೂ ಅಲ್ಲ. ಗುಡಿ, ದರ್ಗಾ, ಮಠ ಎಲ್ಲ ಕಡೆ ಬೇಡಿಕೊಂಡರು. ಉತ್ತರ ಪ್ರದೇಶದ ಒಬ್ಬ ಗೃಹಿಣಿ ತನ್ನ ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದಿದ್ದರು. ಆದರೆ ಕಿಡ್ನಿ ಒಂದೇ ಅಲ್ಲ, ಲಿವರ್ರೂ ಕೈಕೊಟ್ಟಿತ್ತು, ನ್ಯುಮೋನಿಯಾ ಆಗಿತ್ತು, ಪ್ರಜ್ಞೆ ಇರಲಿಲ್ಲ. 11ರಂದು ಮಧ್ಯಾಹ್ನದ ಹೊತ್ತಿಗೆ ದೆಹಲಿಯ ಸೇನಾ ಆಸ್ಪತ್ರೆಯಿಂದ ಸುದ್ದಿ ಬಂತು. ಮರುದಿನ ಊರಿನಲ್ಲೇ ಮಣ್ಣು ಮಾಡಿದರು.

ಇಷ್ಟು ಎಲ್ಲರಿಗೂ ಗೊತ್ತು. ನನಗೆ ಬೇಸರ ಇರುವುದು ಇಲ್ಲೇ: ಜನ ಅವರನ್ನು ಆ ಆರು ದಿನಕ್ಕಷ್ಟೇ ನೆನೆಯುತ್ತಾರೆ, ಅದೂ ಪವಾಡದ ಕಥೆಯಾಗಿ. ಅವರು ಸೇನೆ ಸೇರಿದ್ದು 2002ರಲ್ಲಿ. ಹದಿಮೂರು ವರ್ಷದ ನೌಕರಿಯಲ್ಲಿ ಹತ್ತು ವರ್ಷ ಕಳೆದದ್ದು ಕಷ್ಟದ ಜಾಗಗಳಲ್ಲೇ. ಜಮ್ಮು-ಕಾಶ್ಮೀರದ ಮಾಹೋರ್, ಆಮೇಲೆ ತಾವೇ ಕೇಳಿಕೊಂಡು ಉಗ್ರರನ್ನು ಎದುರಿಸುವ ಸೇನಾ ಪಡೆಯಾದ ರಾಷ್ಟ್ರೀಯ ರೈಫಲ್ಸ್, ಅದಾದ ಮೇಲೆ ಈಶಾನ್ಯದಲ್ಲಿ ಬಂಡುಕೋರರ ವಿರುದ್ಧ ಕಾರ್ಯಾಚರಣೆ. 2015ರ ಆಗಸ್ಟ್‌ನಿಂದ ಸಿಯಾಚಿನ್, ಡಿಸೆಂಬರ್‌ನಿಂದ ಆ ಮೇಲಿನ ಠಾಣೆ. ಎರೆ ಹೊಲದಲ್ಲಿ ಬೆಳೆದವರು ಒಂದಾದ ಮೇಲೊಂದು ಇಂಥ ಜಾಗಕ್ಕೇ ಹೋದರು. ಹಿಮದಡಿ ಆರು ದಿನ ಉಳಿದದ್ದು ಗಾಳಿ ಆಡುವಷ್ಟು ಸಂದು ಸಿಕ್ಕಿದ್ದರಿಂದ ಇರಬಹುದು, ಅದೃಷ್ಟವೂ ಹೌದು. ಆ ಹತ್ತು ವರ್ಷ ಅದೃಷ್ಟದಿಂದ ಬಂದದ್ದಲ್ಲ.

"ಗುಂಡು ತಾಗಿ ಸತ್ತವರಲ್ಲವಲ್ಲ" ಎನ್ನುವವರನ್ನೂ ಕಂಡಿದ್ದೇನೆ. ಸಿಯಾಚಿನ್‌ನಲ್ಲಿ ನಮ್ಮ ಸೇನೆ ಕಾಲಿಟ್ಟದ್ದು 1984ರ ಏಪ್ರಿಲ್‌ನಲ್ಲಿ. 2003ರ ಕದನವಿರಾಮದ ನಂತರ ಅಲ್ಲಿ ಗುಂಡಿನ ಸದ್ದು ನಿಂತಿದೆ, ಸಾವು ನಿಂತಿಲ್ಲ. ಅಲ್ಲಿ ಮೊದಲಿನಿಂದಲೂ ಶತ್ರುವಿಗಿಂತ ಹೆಚ್ಚು ಜನರನ್ನು ತೆಗೆದುಕೊಂಡದ್ದು ಚಳಿ, ಹಿಮಕುಸಿತ ಮತ್ತು ಪ್ರಾಣವಾಯುವಿನ ಕೊರತೆ. ಗಡಿಯಾಚೆಯೂ ಅದೇ ಪಾಡು. 2012ರಲ್ಲಿ ಸಿಯಾಚಿನ್ ಬಳಿಯ ಗಯಾರಿಯಲ್ಲಿ ಪಾಕಿಸ್ತಾನದ ಒಂದಿಡೀ ನೆಲೆಯೇ ಹಿಮದಡಿ ಹೋಗಿ 140 ಜನ ಸತ್ತರು. ಬರಿಗೈಯಲ್ಲಿ ಬಂದೂಕು ಮುಟ್ಟಿದರೆ ಚರ್ಮ ಅಂಟಿ ಕಿತ್ತುಬರುವ ಜಾಗದಲ್ಲಿ ಕಾವಲು ನಿಲ್ಲುವುದನ್ನು ಇನ್ನೇನೆಂದು ಕರೆಯಬೇಕೋ, ಹಾಗೆ ಕೇಳುವವರೇ ಹೇಳಲಿ.

ಇನ್ನೊಂದು ಮಾತು. ಅಂದು ಹೂತುಹೋದ ಹತ್ತು ಜನರಲ್ಲಿ ನಮ್ಮ ರಾಜ್ಯದವರೇ ಮೂವರು: ಹನುಮಂತಪ್ಪನವರ ಜೊತೆ ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್. ನಾಲ್ವರು ತಮಿಳುನಾಡಿನವರು, ಕೇರಳ, ಆಂಧ್ರ, ಮಹಾರಾಷ್ಟ್ರದವರು ಒಬ್ಬೊಬ್ಬರು. ಒಂಬತ್ತು ಪಾರ್ಥಿವ ಶರೀರಗಳನ್ನು ಕೆಳಗೆ ತರಲು ಹವೆ ಬಿಡದೆ ಇನ್ನೂ ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಟಿವಿಯವರು ಬೇರೆ ಸುದ್ದಿಗೆ ಹೋಗಿಯಾಗಿತ್ತು. ತೇಜೂರಿನವರೋ ಕೋಟೆಯವರೋ ಯಾರಾದರೂ ಇದನ್ನು ಓದುತ್ತಿದ್ದರೆ, ಇದೇ ಪ್ರಶ್ನೆಗೆ ನೀವೂ ಒಂದು ಉತ್ತರ ಬರೆಯಿರಿ.