ಅತಿಥಿಗೆ ಪ್ರಜ್ಞೆ ತಪ್ಪಿದರೆ ಹೋಂಸ್ಟೇ ಮಾಲೀಕನಿಗೆ ಕೇಸೇ?

ಪ್ರಶ್ನೆ: ಸೋಮವಾರಪೇಟೆಯ ಬಳಿ ನಮ್ಮ ಹೋಂಸ್ಟೇ ಇದೆ. ಅತಿಥಿಯೊಬ್ಬ ಏನೋ ಮಾತ್ರೆ ನುಂಗಿ ಪ್ರಜ್ಞೆ ತಪ್ಪಿದರೆ, 108ಕ್ಕೆ ಕರೆ ಮಾಡಿದ ನನ್ನ ಮೇಲೂ ಕೇಸು ಬೀಳುತ್ತದೆಯೇ? ನೆರವಾದವರಿಗೆ ಕಾನೂನಿನ ರಕ್ಷಣೆ ಇದೆಯಲ್ಲವೇ?

ವಕೀಲರ ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಆದರೆ ಬಿದ್ದವನಿಗೆ ಉಸಿರಾಟವಿದೆಯೇ ಎಂಬ ಚಿಂತೆ ಕೇಳುವವರ ಪತ್ರದಲ್ಲಿ ಕಾಣುವುದಿಲ್ಲ.

ನೀವು ನೆಚ್ಚಿಕೊಂಡಿರುವುದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್. ಅದು ರಸ್ತೆ ಅಪಘಾತಕ್ಕೆ ಮಾತ್ರ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಆಂಬುಲೆನ್ಸ್ ಕರೆಸಿದವರಿಗೆಂದು ವಿನಾಯಿತಿ ಇಲ್ಲ. ಹಾಗೆಂದು ಕರೆ ಮಾಡುವುದು ಅಪರಾಧವೂ ಅಲ್ಲ. ನಿಮ್ಮನ್ನು ಮುಟ್ಟಬಹುದಾದದ್ದು ಅದೇ ಕಾಯ್ದೆಯ 25ನೇ ಸೆಕ್ಷನ್: ಗೊತ್ತಿದ್ದೂ ತನ್ನ ಜಾಗದಲ್ಲಿ ಅಪರಾಧಕ್ಕೆ ಆಸ್ಪದ ಕೊಟ್ಟವನಿಗೆ ಆ ಅಪರಾಧಕ್ಕಿರುವ ಶಿಕ್ಷೆಯೇ ಅನ್ವಯಿಸುತ್ತದೆ. ಇದರ ಜೊತೆಗೆ, ವಿಚಾರಣೆಯಲ್ಲಿ ಆರೋಪಿಗೆ ಅರಿವಿತ್ತೆಂದೇ ಭಾವಿಸಿ, ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು 35ನೇ ಸೆಕ್ಷನ್ ಅವನ ಮೇಲೆಯೇ ಹೊರಿಸುತ್ತದೆ. ಆದ್ದರಿಂದ ಕಂಡ ಕೂಡಲೇ ಮಾಡಿದ ಕರೆ ನಿಮ್ಮ ಪರವಾದ ಸಾಕ್ಷ್ಯವಾಗುತ್ತದೆ. ಹೆಸರು ಕೆಡುತ್ತದೆಂದು ಬೆಳಗಿನವರೆಗೆ ಬಾಗಿಲು ಮುಚ್ಚಿಕೊಂಡರೆ ನಿಮ್ಮನ್ನು ಸಮರ್ಥಿಸುವುದು ನನಗೂ ಕಷ್ಟ.

ಉಳಿದ ಮಾತ್ರೆಗಳನ್ನು ಶೌಚಾಲಯಕ್ಕೆ ಸುರಿಯಿರಿ ಎನ್ನುವ ಹಿತೈಷಿಗಳ ಮಾತು ಕೇಳಬೇಡಿ. ಸಾಕ್ಷ್ಯನಾಶ ಭಾರತೀಯ ನ್ಯಾಯ ಸಂಹಿತೆಯ 238ನೇ ಸೆಕ್ಷನ್ ಪ್ರಕಾರ ಬೇರೆಯೇ ಅಪರಾಧ. ಮೇಲಾಗಿ ಆತ ಏನು ನುಂಗಿದನೆಂಬ ಸುಳಿವು ವೈದ್ಯರಿಗೆ ಸಿಗುವುದು ಆ ಪೊಟ್ಟಣದಿಂದ. ತೋಟದೊಳಗೆ ನೆಟ್‌ವರ್ಕ್ ಸಿಗದಿದ್ದರೆ ಆತನನ್ನು ಎಡಮಗ್ಗುಲಿಗೆ ಮಲಗಿಸಿ, ನಿಮ್ಮ ಜೀಪಿನಲ್ಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸು ಎಂಬ ಕಾರಣಕ್ಕೆ ತುರ್ತು ಚಿಕಿತ್ಸೆ ತಡವಾಗಬಾರದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಪೊಲೀಸರಿಗೆ ಕಂಡದ್ದನ್ನಷ್ಟೇ ಹೇಳಿ. ಊಹೆ ಸೇರಿಸಬೇಡಿ, ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ಆಸ್ಪತ್ರೆಗೆ ಸೇರಿದರೆ ಕೇಸು ಬಿಟ್ಟುಹೋಗುತ್ತದಂತೆ?

ಉತ್ತರ: ಒಂದು ರಾತ್ರಿ ಐಸಿಯುನಲ್ಲಿ ಮಲಗಿದರೆ ಹೋಗುವುದಿಲ್ಲ. ಮಾದಕ ವಸ್ತುವಿನ ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿಗೆ ಸಂಬಂಧಿಸಿದ ಆರೋಪ ಹೊತ್ತ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿಯೇ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಮಾತ್ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್‌ನ ರಕ್ಷಣೆ ಇದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಅದನ್ನು ಹಿಂಪಡೆಯಬಹುದು.

ಪ್ರಶ್ನೆ: ಮಜ್ಜಿಗೆ, ನಿಂಬೆರಸ ಕುಡಿಸಿದರೆ ಅಮಲು ಇಳಿಯುತ್ತದೆಯೇ?

ಉತ್ತರ: ಪ್ರಜ್ಞೆಯಿಲ್ಲದವನ ಬಾಯಿಗೆ ಸುರಿದರೆ ಆ ಮಜ್ಜಿಗೆಯೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಈ ಸಲಹೆ ಕೊಡುವ ಅರೆಬರೆ ಪಂಡಿತರನ್ನು ಮನೆಯ ಹೊರಗೇ ನಿಲ್ಲಿಸಿ.

ಪ್ರಶ್ನೆ: ಕೆನಡಾದಲ್ಲಿ ಇಂತಹ ಕರೆ ಮಾಡಿದವರನ್ನು ಬಿಟ್ಟುಬಿಡುತ್ತಾರಲ್ಲ?

ಉತ್ತರ: 2017ರ ಕಾಯ್ದೆಯ ಪ್ರಕಾರ ತನ್ನ ಬಳಿ ಮಾದಕ ವಸ್ತು ಇಟ್ಟುಕೊಂಡ ಆರೋಪದಿಂದ ರಕ್ಷಣೆ ಉಂಟು, ಮಾರಾಟದ ಆರೋಪದಿಂದ ಅಲ್ಲಿಯೂ ಇಲ್ಲ. ನೀವು ಪತ್ರ ಬರೆದಿರುವುದು ಕುಶಾಲನಗರದಿಂದ.