ಸ್ಪೋರ್ಟಿ ಸೆಡಾನ್‌ನಲ್ಲಿ ನಾಲ್ವರು ಸಾವಿರ ಕಿಲೋಮೀಟರ್ ಹೋಗುವುದಾದರೆ ಸ್ಪೋರ್ಟ್ ಮೋಡ್ ಇಟ್ಟುಕೊಳ್ಳಬೇಕೇ?

ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, 18 ಇಂಚಿನ ಅಲಾಯ್ ಇರುವ ತಗ್ಗು ಸೆಡಾನ್, ಸಾವಿರ ಕಿಲೋಮೀಟರನ್ನು ಒಂದೇ ದಿನದಲ್ಲಿ ಮುಗಿಸುವ ಹುರುಪು, ಇವೆಲ್ಲದರ ಮೇಲೆ ಯಾವ ಮೋಡ್ (ಎಂಜಿನ್, ಗೇರ್, ಸ್ಟೀರಿಂಗ್ ಹೇಗೆ ಸ್ಪಂದಿಸಬೇಕೆಂದು ಆರಿಸುವ ಗುಂಡಿ) ಮತ್ತು ಎಷ್ಟು ವೇಗ ಎಂಬ ಚರ್ಚೆ. ನಿಮ್ಮ ಪ್ರಶ್ನೆಯಲ್ಲಿ ಕೆಲವು ವರ್ಷಗಳ ಹಿಂದಿನ ನಾನೇ ನನಗೆ ಕಾಣಿಸುತ್ತಿದ್ದೇನೆ. ಹೊರಡುವ ಮುನ್ನ ನಾನೂ ಮೋಡ್‌ಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಗಾಳಿ ಒತ್ತಡದ ಸ್ಟಿಕ್ಕರನ್ನು ಮಾತ್ರ ಪೂರ್ತಿಯಾಗಿ ಓದಿರಲಿಲ್ಲ. ಅದಕ್ಕೆ ತೆತ್ತ ಬೆಲೆ ಎರಡು ಟೈರ್, ಒಂದು ರಿಮ್ ಮತ್ತು ಅರ್ಧ ಪ್ರವಾಸ.

ಹಿಂದಿನ ರಾತ್ರಿ ನಾಲ್ಕೂ ಚಕ್ರಗಳಿಗೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹಾಕಿಸಿದ್ದೆ. ಬೆಳಗ್ಗೆ ಹೊರಟು ಗಂಟೆಗೂ ಮಿಕ್ಕಿ ಓಡಿದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ, ಹಿಂದೆ ಕುಳಿತಿದ್ದ ಗೆಳೆಯ ಗಾಳಿಯನ್ನು ಇನ್ನೊಮ್ಮೆ ನೋಡಿಬಿಡೋಣ ಎಂದ. ಮೀಟರಿನಲ್ಲಿ ಹಿಂದಿನ ಚಕ್ರಗಳೆರಡೂ 38 ತೋರಿಸಿದವು. ರಾತ್ರಿ ಗಾಳಿ ಹಾಕಿದವನ ಲೆಕ್ಕ ತಪ್ಪಿದೆ, ಈ ಬಿಸಿಲಿನಲ್ಲಿ ಇಷ್ಟು ಗಾಳಿ ಇಟ್ಟುಕೊಂಡು ಹೋದರೆ ಟೈರ್ ಸಿಡಿಯುವುದೇ ಸರಿ ಎಂದುಕೊಂಡು, ವಾಲ್ವಿನ ನಡುವಿನ ಸೂಜಿಯನ್ನು ಕೀಲಿಯ ತುದಿಯಿಂದ ಒತ್ತಿ ಬುಸ್ಸೆಂದು ಗಾಳಿ ಬಿಡುತ್ತಾ, ಅಳೆಯುತ್ತಾ, ನಾಲ್ಕನ್ನೂ ಸರಿಯಾಗಿ 33ಕ್ಕೆ ತಂದು ನಿಲ್ಲಿಸಿದೆ. ಅಷ್ಟಕ್ಕೇ ಸುಮ್ಮನಾಗದೆ, ಗಾಳಿ ಬದಲಾಯಿಸಿದ ಮೇಲೆ ಹೀಗೆ ಮಾಡಬೇಕೆಂದು ಕೈಪಿಡಿಯಲ್ಲಿದೆ ಎಂಬ ಅರೆಬರೆ ನೆನಪಿನಿಂದ ಡ್ಯಾಶ್‌ಬೋರ್ಡಿನ ಮೆನುವಿಗೆ ಹೋಗಿ, ಈಗಿರುವ ಟೈರ್ ಒತ್ತಡವನ್ನೇ ಸರಿಯೆಂದು ನಮೂದಿಸುವ ಗುಂಡಿಯನ್ನೂ ಒತ್ತಿದೆ.

ಇಲ್ಲಿ ಏನಾಯಿತೆಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದನ್ನು ಬಹಳ ಜನ ಮುನ್ನೆಚ್ಚರಿಕೆಯೆಂದೇ ತಿಳಿದು ಮಾಡುತ್ತಾರೆ. ಸ್ಟಿಕ್ಕರಿನಲ್ಲಿರುವ ಅಂಕಿ ತಣ್ಣಗಿರುವ ಟೈರಿನದು. ಅಂದರೆ ಕಾರು ಕೆಲವು ಗಂಟೆ ನೆರಳಿನಲ್ಲಿ ನಿಂತ ಮೇಲೆ, ಓಡುವುದಕ್ಕೆ ಮೊದಲು ಅಳೆದಾಗ ಇರಬೇಕಾದ ಒತ್ತಡ. ಓಡಿದಂತೆಲ್ಲ ಟೈರ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಸುಮಾರು 6 ಡಿಗ್ರಿ ಸೆಲ್ಸಿಯಸ್ ಬಿಸಿಗೆ 1 ಪಿಎಸ್‌ಐ ಎಂದು ಇಟ್ಟುಕೊಳ್ಳಬಹುದು. ಹೆದ್ದಾರಿಯಲ್ಲಿ ಓಡಿದ ಟೈರ್ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುವುದು ಟೈರ್ ತಯಾರಿಸಿದವರು ಮೊದಲೇ ಲೆಕ್ಕಕ್ಕೆ ಹಿಡಿದಿರುವ ಸಂಗತಿ. ಹಾಗಾಗಿ ನಾನು ಕಂಡ 38, ರಾತ್ರಿ ಹಾಕಿಸಿದ 33ರ ಬಿಸಿ ರೂಪವೇ ಹೊರತು ಹೆಚ್ಚುವರಿ ಗಾಳಿಯಲ್ಲ. ಅದನ್ನು ಇಳಿಸಿ 33 ಮಾಡಿದಾಗ, ತಣ್ಣಗಿನ ಲೆಕ್ಕದಲ್ಲಿ ಉಳಿದದ್ದು ಸುಮಾರು 28.

ಇದರ ಮೇಲೆ ಇನ್ನೊಂದು ಅವಾಂತರ. 33 ಎಂಬ ಅಂಕಿಯೇ ನಮ್ಮ ಪ್ರಯಾಣಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಸ್ಟಿಕ್ಕರಿನಲ್ಲಿ ಎರಡು ಸಾಲುಗಳಿದ್ದವು. ಒಂದರ ಪಕ್ಕದಲ್ಲಿ ಇಬ್ಬರು ಮನುಷ್ಯರ ಪುಟ್ಟ ಚಿತ್ರ, ಇನ್ನೊಂದರ ಪಕ್ಕದಲ್ಲಿ ತುಂಬಿದ ಕಾರು ಮತ್ತು ಪೆಟ್ಟಿಗೆಗಳ ಚಿತ್ರ. ಆ ಎರಡನೆಯ ಸಾಲಿನಲ್ಲಿ ಹಿಂದಿನ ಚಕ್ರಕ್ಕೆ 40 ಎಂದು ಬರೆದಿತ್ತು. ತಲಾ 70 ಕಿಲೋ ಎಂದು ಹಿಡಿದರೂ ನಾಲ್ವರಿಂದ 280 ಕಿಲೋ, ಸಾಮಾನು ಸೇರಿದರೆ 350 ದಾಟುತ್ತದೆ, ಅದರಲ್ಲಿ ದೊಡ್ಡ ಪಾಲು ಬೀಳುವುದು ಹಿಂದಿನ ಚಕ್ರಗಳ ಮೇಲೆ. 40 ಇರಬೇಕಾದ ಕಡೆ 28, ಅಂದರೆ ಶೇಕಡಾ 30ರಷ್ಟು ಕಡಿಮೆ ಗಾಳಿಯಲ್ಲಿ, ಇಡೀ ಹಗಲು ಹೆದ್ದಾರಿಯ ವೇಗದಲ್ಲಿ ಓಡಿಸಿದೆ. ಈ ಅಳತೆಯ ಚಕ್ರ ಕಿಲೋಮೀಟರಿಗೆ ಸುಮಾರು 500 ಸುತ್ತು ಸುತ್ತುತ್ತದೆ. ಗಾಳಿ ಸಾಲದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ನೆಲ ಮುಟ್ಟುವ ಕಡೆ ಅಗತ್ಯಕ್ಕಿಂತ ಹೆಚ್ಚು ಮಡಿಚಿ ಬಿಚ್ಚಿಕೊಳ್ಳುತ್ತದೆ, ಮತ್ತು ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಕಾಯುವಂತೆ ಒಳಗಿನ ದಾರ ಮತ್ತು ರಬ್ಬರ್ ಕಾಯುತ್ತವೆ. ಸಿಡಿಯಬಾರದೆಂದು ಗಾಳಿ ಇಳಿಸಿದವನು ಸಿಡಿಯುವುದಕ್ಕೆ ಬೇಕಾದ ಬಿಸಿಯನ್ನು ನಾನೇ ಒದಗಿಸಿದ್ದೆ.

ಎಚ್ಚರಿಕೆಯ ದೀಪವೇಕೆ ಹೊತ್ತಿಕೊಳ್ಳಲಿಲ್ಲ ಎಂದು ನೀವು ಕೇಳಬಹುದು. ಕೆಲವು ಕಾರುಗಳಲ್ಲಿ ಪ್ರತಿ ಚಕ್ರದೊಳಗೂ ಸೆನ್ಸರ್ ಇದ್ದು ಒತ್ತಡವನ್ನು ಅಂಕಿಯಲ್ಲಿ ತೋರಿಸುತ್ತದೆ. ನನ್ನದರಲ್ಲಿ ಇದ್ದದ್ದು ಪರೋಕ್ಷ ವ್ಯವಸ್ಥೆ. ಗಾಳಿ ಇಳಿದ ಚಕ್ರದ ತ್ರಿಜ್ಯ ಕೂದಲೆಳೆಯಷ್ಟು ಕುಗ್ಗುವುದರಿಂದ ಅದು ಉಳಿದವಕ್ಕಿಂತ ಬೇಗ ಸುತ್ತುತ್ತದೆ. ಆ ವ್ಯತ್ಯಾಸವನ್ನು ಎಬಿಎಸ್‌ನ (ಬ್ರೇಕ್ ಹಿಡಿದಾಗ ಚಕ್ರ ಸುತ್ತದೆ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಸೆನ್ಸರ್‌ಗಳಿಂದ ಪತ್ತೆ ಮಾಡಿ ದೀಪ ಹಚ್ಚುತ್ತಾರೆ. ಯಾವುದನ್ನು ಸರಿಯೆಂದು ಎಣಿಸಬೇಕೆಂಬುದನ್ನು ಆ ವ್ಯವಸ್ಥೆಗೆ ಹೇಳಿಕೊಡುವವರು ನಾವೇ. ನಾಲ್ಕರಲ್ಲೂ ಒಂದೇ ಸಮನೆ ಗಾಳಿ ಇಳಿಸಿ, ಮೇಲೆ ಗುಂಡಿಯನ್ನೂ ಒತ್ತಿ, ಇದೇ ಸರಿ ಎಂದು ನಾನು ಅದಕ್ಕೆ ಪಾಠ ಮಾಡಿಟ್ಟಿದ್ದೆ.

ಕತ್ತಲಾದ ಮೇಲೆ ಒಂದು ಸೇತುವೆ ಬಂತು. ಅದರ ತುಂಡುಗಳು ಕೂಡುವಲ್ಲಿರುವ ಕಬ್ಬಿಣದ ಪಟ್ಟಿ ಒಂದು ಕಡೆ ಎದ್ದುಕೊಂಡಿತ್ತು. ಮುಂದಿನ ಚಕ್ರ ಹೇಗೋ ಹಾರಿತು. ಹಿಂದಿನ ಎಡಚಕ್ರ ಬಿದ್ದಾಗ ಕಲ್ಲಿಗೆ ಕಬ್ಬಿಣ ಬಡಿದಂಥ ಒಣ ಸದ್ದು ಬಂತು. 225/40 ಆರ್18 ಅಳತೆಯ ಟೈರಿನಲ್ಲಿ ರಿಮ್ಮಿನಿಂದ ರಸ್ತೆಯವರೆಗೆ ಇರುವ ರಬ್ಬರಿನ ಎತ್ತರ ಟೈರಿನ ಅಗಲವಾದ 225 ಮಿಲಿಮೀಟರಿನ ಶೇಕಡಾ 40, ಅಂದರೆ 90 ಮಿಲಿಮೀಟರ್. ಅದೇ ಮಾದರಿಗೆ ಬರುತ್ತಿದ್ದ 205/55 ಆರ್16 ಟೈರಿನಲ್ಲಿ ಅದು ಸುಮಾರು 113 ಮಿಲಿಮೀಟರ್. ಅಂದಕ್ಕಾಗಿ ನಾನು ಬಿಟ್ಟುಕೊಟ್ಟ ಆ 23 ಮಿಲಿಮೀಟರ್ ಜೊತೆಗೆ ಗಾಳಿಯೂ ಇಲ್ಲದಿದ್ದರಿಂದ ಪಕ್ಕದ ಗೋಡೆ ಕಬ್ಬಿಣಕ್ಕೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನ ಹಿಂಭಾಗ ಅದುರತೊಡಗಿ, ಅಂಚಿಗೆ ತಂದು ನಿಲ್ಲಿಸುವ ಹೊತ್ತಿಗೆ ಟೈರ್ ನೆಲಕ್ಕೆ ಅಂಟಿತ್ತು.

ಡಿಕ್ಕಿಯ ಸಾಮಾನನ್ನೆಲ್ಲ ರಸ್ತೆಯಂಚಿಗೆ ಇಳಿಸಿ ಹಾಸು ಎತ್ತಿ ನೋಡಿದರೆ ಸ್ಟೆಪ್ನಿ ಇರಬೇಕಾದ ಗುಂಡಿಯಲ್ಲಿ ಪುಟ್ಟ ಕಂಪ್ರೆಸರ್ ಮತ್ತು ಒಂದು ಬಾಟಲಿ ಅಂಟುದ್ರವ. ಇದು ಮೊಳೆ ಚುಚ್ಚಿದ ಸಣ್ಣ ತೂತಿಗೆ, ಅದೂ ನೆಲ ಮುಟ್ಟುವ ಭಾಗದಲ್ಲಿದ್ದರೆ, ಒಳ್ಳೆಯ ಉಪಾಯ. ಪಕ್ಕದ ಗೋಡೆ ಸೀಳಿದರೆ ನಿಷ್ಪ್ರಯೋಜಕ. ಆದರೂ ಆಸೆ ಬಿಡದೆ ತುಂಬಿಸಿದೆವು; ಟಾರ್ಚಿನ ಬೆಳಕಿನಲ್ಲಿ ಎರಡು ಬೆರಳಿನಗಲದ ಸೀಳಿನಿಂದ ಬಿಳಿಯ ದ್ರವ ಗುಳ್ಳೆಗುಳ್ಳೆಯಾಗಿ ಉಕ್ಕಿ ರಿಮ್ಮಿನ ಮೇಲೆ ಇಳಿಯಿತು. ಕಾರನ್ನು ಎತ್ತಿಕೊಂಡು ಹೋಗುವ ವಾಹನ ಬರುವವರೆಗೆ ನಾವು ತಡೆಗಂಬಿಯ ಆಚೆ ನಿಂತಿದ್ದೆವು (ಕೆಟ್ಟು ನಿಂತ ಕಾರಿನೊಳಗೆ ಯಾರೂ ಕೂರಬಾರದು, ಮಳೆ ಬರುತ್ತಿದ್ದರೂ ಸರಿ).

ಹತ್ತಿರದ ಪಟ್ಟಣದ ಟೈರ್ ಅಂಗಡಿಯಲ್ಲಿ ಈ ಅಳತೆಯ ಟೈರ್ ಇರಲಿಲ್ಲ. ತರಿಸಲು ಹಿಡಿದ ಸಮಯದಲ್ಲಿ ನಮ್ಮ ಪ್ರವಾಸದ ಅರ್ಧ ಮುಗಿದುಹೋಯಿತು. ಒಂದು ಅಚ್ಚಿಗೆ ಎರಡೂ ಹೊಸದಿರಲಿ ಎಂದು ಹಿಂದಿನ ಬಲಟೈರನ್ನೂ ಬಿಚ್ಚಿಸಿದಾಗ ಅಂಗಡಿಯಾತ ಅದರ ಭುಜವನ್ನು ತೋರಿಸಿದ: ರಸ್ತೆಗೆ ತಾಗಲೇಬಾರದ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಬಳೆಯ ಆಕಾರದಲ್ಲಿ ಉಜ್ಜಿದ ಗುರುತು. ಒಂದೇ ಹಗಲಿನ ಓಟಕ್ಕೆ ಅದು ಅಲ್ಲಿಗೆ ಬಂದಿತ್ತು. ಸರಿಯಾದ ಗಾಳಿ ಇದ್ದಿದ್ದರೂ ಆ ಪಟ್ಟಿಗೆ ಟೈರ್ ಒಡೆಯುತ್ತಿತ್ತೇನೋ, ಅದನ್ನು ಸಾಧಿಸಲು ಈಗ ಆಗದು. ಆ ಬಲಟೈರ್ ಮಾತ್ರ ಪಟ್ಟಿಗೆ ಬಡಿದದ್ದಲ್ಲ. ಅದನ್ನು ಸವೆಸಿದ್ದು ನಾನು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸ್ಪೋರ್ಟ್ ಮೋಡ್ ಸಾಮಾನ್ಯವಾಗಿ ಎಂಜಿನ್ನಿನ ಗರಿಷ್ಠ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಆಕ್ಸಿಲರೇಟರ್ ಚುರುಕಾಗುತ್ತದೆ, ಗೇರ್ ಕೆಳಗೇ ಉಳಿಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಕೆಲವು ಕಾರುಗಳಲ್ಲಿ ಸಸ್ಪೆನ್ಷನ್ನೂ ಗಡುಸಾಗುತ್ತದೆ. ತಿರುವುಗಳ ರಸ್ತೆಯಲ್ಲಿ ಇದು ಹಿತವೇ. ನೇರ ಹೆದ್ದಾರಿಯಲ್ಲಿ ನಾಲ್ವರನ್ನು ಕೂರಿಸಿಕೊಂಡು ಹೋಗುವಾಗ ಇದರಿಂದ ಸಿಗುವುದು ಹೆಚ್ಚು ಸದ್ದು, ಹೆಚ್ಚು ಇಂಧನ ಖರ್ಚು ಮತ್ತು ಹಿಂದೆ ಕೂತವರ ಬೆನ್ನುನೋವು. ಕಂಫರ್ಟ್ ಮೋಡ್‌ನಲ್ಲಿಡಿ, ಮರೆತುಬಿಡಿ. ಇಷ್ಟು ಚಿಕ್ಕ ವಿಷಯಕ್ಕೆ ನಾವಿಬ್ಬರೂ ಅಷ್ಟು ತಲೆ ಕೆಡಿಸಿಕೊಂಡದ್ದು ಕಾರು ಮಾರುವವರ ಗೆಲುವು ಎಂದೇ ನನ್ನ ಅಭಿಪ್ರಾಯ.

ವೇಗದ ಪ್ರಶ್ನೆಯನ್ನು ನಾನು ಒಪ್ಪುವುದೇ ಇಲ್ಲ, ಏಕೆಂದರೆ ಅದರ ಬೆನ್ನಿಗೆ ಒಂದೇ ದಿನದಲ್ಲಿ ಮುಗಿಸಬೇಕೆಂಬ ಹಟವಿದೆ. ಸಾವಿರ ಕಿಲೋಮೀಟರನ್ನು 100ರಲ್ಲಿ ಓಡಿಸಿದರೆ ಕಾಗದದ ಮೇಲೆ 10 ಗಂಟೆ, 120ರಲ್ಲಿ ಓಡಿಸಿದರೆ 8 ಗಂಟೆ 20 ನಿಮಿಷ. ಕಾಗದದ ಮೇಲಿನ ಈ 1 ಗಂಟೆ 40 ನಿಮಿಷಕ್ಕಾಗಿ ಗಾಳಿಯ ಪ್ರತಿರೋಧ ಶೇಕಡಾ 44ರಷ್ಟು ಏರುತ್ತದೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ಅಷ್ಟೇ ಪಾಲು ಏರುತ್ತದೆ. ಉಳಿಸಿದ ಸಮಯದಲ್ಲಿ ಬಹುಪಾಲು ಇಂಧನಕ್ಕೆ ನಿಲ್ಲುವುದರಲ್ಲಿ, ಲಾರಿಗಳ ಹಿಂದೆ ಕಾಯುವುದರಲ್ಲಿ ಕರಗಿಹೋಗುತ್ತದೆ. ಹತ್ತನೆಯ ಗಂಟೆಗೆ ಬರುವ ತೂಕಡಿಕೆಯ ಲೆಕ್ಕ ಬೇರೆ: 120ರಲ್ಲಿ ಕಾರು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ, ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 100 ಮೀಟರ್ ದೂರ ಕಾರಿಗೆ ಚಾಲಕನೇ ಇರುವುದಿಲ್ಲ. ಎರಡು ದಿನ ಮಾಡಿಕೊಳ್ಳಿ. ಸಾಧ್ಯವಿಲ್ಲವೆಂದಾದರೆ ಕಡಿಮೆ ದೂರದ ಊರನ್ನು ಆರಿಸಿಕೊಳ್ಳಿ. ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ, ಚಾಲಕರು ಇಬ್ಬರಿದ್ದರೆ ಅಲ್ಲೇ ಬದಲಾಗಿ. ವೇಗದ ಮಿತಿಯ ಫಲಕ ಏನು ಹೇಳುತ್ತದೋ ಅದರೊಳಗೆ ಕ್ರೂಸ್ ಕಂಟ್ರೋಲ್ (ಇಟ್ಟ ವೇಗವನ್ನು ಕಾರೇ ಕಾಯ್ದುಕೊಳ್ಳುವ ಸೌಲಭ್ಯ) ಹಾಕಿ, ಮುಂದಿನ ವಾಹನಕ್ಕೂ ನಿಮಗೂ ಕನಿಷ್ಠ ಮೂರು ಸೆಕೆಂಡಿನ ಅಂತರ ಬಿಡಿ. ತಗ್ಗು ಸೆಡಾನಿನಲ್ಲಿ ಕೂತವರಿಗೆ ಮುಂದಿನ ಲಾರಿಯ ಆಚೆ ಏನಿದೆಯೆಂದು ಕಾಣುವುದೇ ಇಲ್ಲ, ಆದ್ದರಿಂದ ಈ ಅಂತರ ಬೇರೆಯವರಿಗಿಂತ ನಿಮಗೆ ಹೆಚ್ಚು ಅಗತ್ಯ.

ಹೊರಡುವ ದಿನ ಬೆಳಗ್ಗೆ, ಕಾರು ಅಲ್ಲಾಡುವ ಮೊದಲು, ಸ್ವಂತ ಗೇಜಿನಿಂದ ಗಾಳಿ ಅಳೆದು ತುಂಬಿದ ಕಾರಿನ ಸಾಲಿನ ಅಂಕಿಗೆ ತನ್ನಿ. ಟೈರಿನ ಮೈಮೇಲೆ ಅಚ್ಚೊತ್ತಿರುವ ಗರಿಷ್ಠ ಒತ್ತಡದ ಅಂಕಿ ಇದಲ್ಲ. ಅದನ್ನು ನೋಡಿ ಗಾಳಿ ಹಾಕಬೇಡಿ. ದಾರಿಯಲ್ಲಿ ಅಳೆದಾಗ ಹೆಚ್ಚು ಕಂಡರೆ ಮುಟ್ಟಬೇಡಿ. ಬಿಸಿ ಇರುವಾಗಲೇ ಹಾಕಿಸಬೇಕಾಗಿ ಬಂದರೆ ತಣ್ಣಗಿನ ಅಂಕಿಗಿಂತ ನಾಲ್ಕು ಪಿಎಸ್‌ಐ ಹೆಚ್ಚು ಇಡಿಸಿ, ಮರುದಿನ ಬೆಳಗ್ಗೆ ತಣ್ಣಗಾದ ಮೇಲೆ ಸರಿಪಡಿಸಿಕೊಳ್ಳಿ. ಹಾಗೆಯೇ ಡಿಕ್ಕಿಯಲ್ಲಿ ನಿಜವಾಗಿ ಏನಿದೆಯೆಂದು ಸಾಮಾನು ತುಂಬುವ ಮೊದಲೇ ನೋಡಿ. ಸಣ್ಣ ಸ್ಟೆಪ್ನಿ ಇದ್ದರೆ ಅದರ ಮೇಲೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಎಂಬ ಮಿತಿ ಬರೆದಿರುತ್ತದೆ, ಅದರಲ್ಲೂ ಗಾಳಿ ಇದೆಯೇ ಎಂದು ಅಳೆಯಿರಿ. ಅಲಾಯ್ ಚಕ್ರಗಳಿಗೆ ಕಳ್ಳರ ಭಯಕ್ಕೆ ಬೀಗದ ನಟ್ಟು ಹಾಕಿಸಿದ್ದರೆ ಅದರ ತಲೆಗೆ ಹೊಂದುವ ಕೀಲಿಬಿಲ್ಲೆ ಕಾರಿನಲ್ಲೇ ಇರಲಿ, ಮನೆಯ ಡ್ರಾಯರಿನಲ್ಲಲ್ಲ. ಹಿಂಭಾಗ ತಗ್ಗಿದಾಗ ಹೆಡ್‌ಲೈಟ್ ಬೆಳಕು ಮೇಲೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಕಾರಿನಲ್ಲಿ ಸ್ಟೀರಿಂಗಿನ ಬಳಿ 0ಯಿಂದ 3ರವರೆಗೆ ಅಂಕಿಗಳಿರುವ ಪುಟ್ಟ ಗಾಲಿ ಇದ್ದರೆ, ಅದು ಇರುವುದು ಇದಕ್ಕಾಗಿಯೇ.

ದಾರಿಯಲ್ಲಿ ಜೋರಾಗಿ ಹೊಂಡಕ್ಕೆ ಬಿದ್ದ ಸದ್ದು ಕೇಳಿದರೆ ಮುಂದಿನ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟೈರಿನ ಎರಡೂ ಪಕ್ಕಗಳನ್ನು ಕೈಯಿಂದ ಸವರಿ ನೋಡಿ. ಹೊರಗಿನ ಪಕ್ಕವನ್ನು ಎಲ್ಲರೂ ನೋಡುತ್ತಾರೆ. ಒಳಗಿನ ಪಕ್ಕ ಕಾಣಬೇಕಾದರೆ ಮುಂದಿನ ಚಕ್ರಗಳನ್ನು ಪೂರ್ತಿ ತಿರುಗಿಸಬೇಕು, ಹಿಂದಿನವಕ್ಕೆ ಬಗ್ಗಿ ಕೈ ಹಾಕಬೇಕು. ಅಲ್ಲಿ ಎಲ್ಲಾದರೂ ಬುಗುಟು ಎದ್ದಿದ್ದರೆ ಒಳಗಿನ ದಾರಗಳು ತುಂಡಾಗಿವೆ ಎಂದರ್ಥ, ಗೇಜಿನಲ್ಲಿ ಒತ್ತಡ ಸರಿಯಾಗಿಯೇ ಇದ್ದರೂ ಆ ಟೈರಿನಲ್ಲಿ ಮತ್ತೆ ಹೆದ್ದಾರಿಗೆ ಇಳಿಯಬೇಡಿ.